ಬಾಯ್ಸಿ ಸ್ಟೇಟ್ ತಂಡಕ್ಕೆ ಹೊಗಳಿಕೆ ಧಾರಾಳ, ಅವಕಾಶ ಮಾತ್ರ ಬಿಗಿ: ಇದು ನ್ಯಾಯವೇ?

ನೀಲಿಅಂಗಳ ಬರೆದಿದ್ದಾರೆ:

ಅಮೆರಿಕದ ಕಾಲೇಜು ಫುಟ್‌ಬಾಲ್ ಬಲ್ಲ ನಾಲ್ಕು ಜನ ಸೇರಿದ ಕಡೆ ಐಡಹೊ ರಾಜ್ಯದ ಬಾಯ್ಸಿ ಸ್ಟೇಟ್ ತಂಡದ ಹೆಸರೆತ್ತಿದರೆ ಬರುವ ಉತ್ತರ ಹೆಚ್ಚೂಕಡಿಮೆ ಒಂದೇ: ತಂಡವೇನೋ ಚೆನ್ನಾಗಿದೆ, ಆದರೆ ಅವರು ಆಡುವುದು ಯಾರ ಮೇಲೆ? ಇಪ್ಪತ್ತು ವರ್ಷಗಳಿಂದ ಚಲಾವಣೆಯಲ್ಲಿರುವ ಈ ಪ್ರಶ್ನೆಯಲ್ಲಿ ಎಷ್ಟು ಸತ್ಯವಿದೆ, ಎಷ್ಟು ಸೋಮಾರಿತನವಿದೆ ಎಂಬುದನ್ನು ಇಲ್ಲಿ ಚರ್ಚಿಸಬೇಕೆಂಬುದು ನನ್ನ ಕೋರಿಕೆ. ಮೈಕ್ರಾನ್ ಕಂಪನಿಯ ಕೇಂದ್ರ ಕಚೇರಿ ಬಾಯ್ಸಿಯಲ್ಲಿರುವುದರಿಂದ ನಮ್ಮಂಥ ಕೆಲವು ಕನ್ನಡದ ಮನೆಗಳು ಈ ಊರಿನಲ್ಲಿವೆ. ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ತಿಳಿದುಕೊಂಡೇ ಓದಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂಡಕ್ಕೆ ಹೊಗಳಿಕೆಯ ಕೊರತೆ ಎಂದೂ ಇರಲಿಲ್ಲ. ಟಿ.ವಿ.ಯವರು ನೀಲಿ ಬಣ್ಣದ ಮೈದಾನವನ್ನು ಮತ್ತೆ ಮತ್ತೆ ತೋರಿಸಿದರು, ವೀಕ್ಷಕ ವಿವರಣೆಕಾರರು "ಧೈರ್ಯವಂತ ಪುಟ್ಟ ತಂಡ" ಎಂದು ಬೆನ್ನು ತಟ್ಟಿದರು. ಕೊರತೆಯಿದ್ದುದು ದೊಡ್ಡವರ ಎದುರು ದೊಡ್ಡ ಪಂದ್ಯ ಆಡುವ ಅವಕಾಶಕ್ಕೆ. ಮದುವೆಗೆ ಕರೆದು, ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಊಟದ ಹೊತ್ತಿಗೆ ಮಾತ್ರ ಮೊದಲ ಪಂಕ್ತಿಯಲ್ಲಿ ಎಲೆ ಹಾಕದಿದ್ದರೆ ಅದನ್ನು ಯಾರೂ ಮರ್ಯಾದೆ ಎನ್ನುವುದಿಲ್ಲ.

2007ರ ಜನವರಿ 1ರ ಫಿಯೆಸ್ಟಾ ಬೌಲ್ ಪಂದ್ಯವನ್ನೇ ನೋಡಿ (ಋತುವಿನ ಕೊನೆಗೆ ಆಯ್ದ ತಂಡಗಳನ್ನು ಕರೆದು ಆಡಿಸುವ ಪಂದ್ಯಗಳಿಗೆ ಬೌಲ್ ಎನ್ನುತ್ತಾರೆ). ಎದುರಾಳಿ ಓಕ್ಲಹೋಮ, ಅಂದರೆ ಈ ಆಟದ ಹಳೆಯ ಜಮೀನ್ದಾರ ಮನೆತನಗಳಲ್ಲಿ ಒಂದು. ಮೂರನೆಯ ಕಾಲಭಾಗದಲ್ಲಿ 28-10ರಿಂದ ಮುಂದಿದ್ದ ಬಾಯ್ಸಿ ಸ್ಟೇಟ್, ಕೊನೆಯ ಒಂದೂವರೆ ನಿಮಿಷದೊಳಗೆ ಸಮವಾಗಿ, ಮರುಕ್ಷಣವೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಜ್ಯಾರೆಡ್ ಜಬ್ರಾನ್ಸ್ಕಿ ಎಸೆದ ಚೆಂಡು ಎದುರಾಳಿಯ ಕೈಸೇರಿ 35-28ರಿಂದ ಹಿಂದೆ ಬಿದ್ದಿತು. ಉಳಿದಿದ್ದದ್ದು 18 ಸೆಕೆಂಡು, ನಾಲ್ಕನೆಯ ಡೌನ್ (ಅಂದರೆ ಕೊನೆಯ ಯತ್ನ), ಬೇಕಾದದ್ದು 18 ಗಜ. ಜಬ್ರಾನ್ಸ್ಕಿ ಚೆಂಡನ್ನು ಡ್ರಿಸನ್ ಜೇಮ್ಸ್‌ಗೆ ಎಸೆದರು. ರಕ್ಷಕರೆಲ್ಲ ಅವರತ್ತ ನುಗ್ಗುತ್ತಿದ್ದಂತೆ ಜೇಮ್ಸ್, ಎದುರಿನಿಂದ ಅಡ್ಡಲಾಗಿ ಓಡಿಬಂದ ಜೆರಾರ್ಡ್ ರ‍್ಯಾಬ್ ಕೈಗೆ ಅದನ್ನು ದಾಟಿಸಿದರು. ರ‍್ಯಾಬ್ ಅಂಚಿನಗುಂಟ ಓಡಿ ಗೆರೆಯೊಳಗೆ ಹಾರಿದಾಗ ಏಳು ಸೆಕೆಂಡು ಉಳಿದಿತ್ತು. ಹೆಚ್ಚುವರಿ ಅವಧಿಯಲ್ಲಿ ಓಕ್ಲಹೋಮದ ಏಡ್ರಿಯನ್ ಪೀಟರ್ಸನ್ ಮೊದಲ ಓಟದಲ್ಲೇ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯೊಳಗೆ ಒಯ್ದು ಪಡೆಯುವ ಆರು ಅಂಕ) ಗಳಿಸಿದರು. ಬಾಯ್ಸಿ ಸ್ಟೇಟ್ ಕೂಡ ಗಳಿಸಿತು. ಆಮೇಲೆ ಸಿಗುವ ಹೆಚ್ಚುವರಿ ಯತ್ನದಲ್ಲಿ ಒಂದು ಅಂಕಕ್ಕೆ ಒದ್ದು ಸಮ ಮಾಡಿಕೊಳ್ಳುವ ಬದಲು ಬಾಯ್ಸಿಯ ಕೋಚ್ ಕ್ರಿಸ್ ಪೀಟರ್ಸನ್ ಎರಡು ಅಂಕಕ್ಕೆ ಕೈಹಾಕಿದರು. ಜಬ್ರಾನ್ಸ್ಕಿ ಬಲಗೈಯಲ್ಲಿ ಎಸೆಯುವಂತೆ ನಟಿಸಿ, ಬೆನ್ನ ಹಿಂದೆ ಎಡಗೈಯಿಂದ ಚೆಂಡನ್ನು ಇಯಾನ್ ಜಾನ್ಸನ್‌ಗೆ ಕೊಟ್ಟರು. 43-42.

2006ರ ಆ ಋತುವಿನ ಕೊನೆಗೆ ಇಡೀ ಮೇಲ್ದರ್ಜೆಯಲ್ಲಿ ಸೋಲನ್ನೇ ಕಾಣದೆ ಉಳಿದದ್ದು ಇದೊಂದೇ ತಂಡ, 13-0 (ಹದಿಮೂರು ಗೆಲುವು, ಸೊನ್ನೆ ಸೋಲು). ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯ ಮತದಾರರು ಕೊಟ್ಟದ್ದು ಐದನೆಯ ಸ್ಥಾನ. ಮೂರು ವರ್ಷಗಳ ನಂತರ 14-0 ಆದಾಗ ಸಿಕ್ಕಿದ್ದು ನಾಲ್ಕನೆಯದು. ಇನ್ನೆಷ್ಟು ಗೆಲ್ಲಬೇಕಿತ್ತು?


ಅಟ್ಲಾಂಟಾದಿಂದ ಬರೆದಿದ್ದಾರೆ:

ನೀಲಿಅಂಗಳ ಅವರೇ, ಆ ಪಂದ್ಯದ ಬಗ್ಗೆ ನನಗೂ ಗೌರವವಿದೆ. ಆದರೆ ಒಂದು ರಾತ್ರಿಯ ಸಾಹಸಕ್ಕೂ ಮೂರು ತಿಂಗಳ ದುಡಿಮೆಗೂ ವ್ಯತ್ಯಾಸವಿದೆ. 2006ರಲ್ಲಿ ನಿಮ್ಮ ತಂಡವಿದ್ದ ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸ್‌ನಲ್ಲಿ (ಕಾನ್ಫರೆನ್ಸ್ ಅಂದರೆ ಪರಸ್ಪರ ಆಡುವ ತಂಡಗಳ ಕೂಟ) ಐಡಹೊ, ಯೂಟಾ ಸ್ಟೇಟ್, ನ್ಯೂ ಮೆಕ್ಸಿಕೊ ಸ್ಟೇಟ್, ಲೂಯಿಸಿಯಾನಾ ಟೆಕ್ ಮುಂತಾದ ತಂಡಗಳಿದ್ದವು. ಅದೇ ಹೊತ್ತಿಗೆ ನಮ್ಮ ಆಗ್ನೇಯದ ಎಸ್.ಇ.ಸಿ. (ಸೌತ್ ಈಸ್ಟರ್ನ್ ಕಾನ್ಫರೆನ್ಸ್) ತಂಡವೊಂದು ಈ ಶನಿವಾರ ಅಬರ್ನ್, ಮುಂದಿನ ಶನಿವಾರ ಫ್ಲೋರಿಡಾ, ಅದರ ಮುಂದೆ ಟೆನೆಸಿ ಎಂದು ಎದುರಿಸಬೇಕು. ಮೂಳೆ ಮುರಿದ ಆಟಗಾರನ ಜಾಗಕ್ಕೆ ಬರುವ ಎರಡನೆಯವನು, ಅವನೂ ಬಿದ್ದರೆ ಮೂರನೆಯವನು ಎಷ್ಟು ಗಟ್ಟಿ ಎಂಬುದು ಅಲ್ಲಿ ಬಯಲಾಗುತ್ತದೆ. 2007ರಲ್ಲಿ ಎಸ್.ಇ.ಸಿ.ಯ ಎಲ್.ಎಸ್.ಯು. (ಲೂಯಿಸಿಯಾನಾ ಸ್ಟೇಟ್) ಎರಡು ಪಂದ್ಯ ಸೋತೂ ರಾಷ್ಟ್ರೀಯ ಚಾಂಪಿಯನ್ ಆಯಿತು; ಆ ಎರಡೂ ಸೋಲು ಮೂರು ಮೂರು ಹೆಚ್ಚುವರಿ ಅವಧಿಗಳ ನಂತರ ಬಂದವು. ಅಜೇಯ ಎಂಬ ಪದವನ್ನು ಎಲ್ಲ ಕಡೆ ಒಂದೇ ತೂಕದಲ್ಲಿ ಅಳೆಯಲಾಗುವುದಿಲ್ಲ.

ಇನ್ನೆರಡು ಪಂದ್ಯ ನೆನಪಿಸುತ್ತೇನೆ. 2005ರಲ್ಲಿ ಋತುವಿನ ಮೊದಲ ಪಂದ್ಯಕ್ಕೆಂದು ಜಾರ್ಜಿಯಾಕ್ಕೆ ಬಂದ ನಿಮ್ಮ ತಂಡ 48-13ರಿಂದ ಸೋತು ಹೋಯಿತು. 2007ರಲ್ಲಿ ಅದೇ ಕಾನ್ಫರೆನ್ಸ್‌ನ ಹವಾಯಿ ತಂಡ 12-0 ಆಗಿ ಬೀಗುತ್ತ ಶುಗರ್ ಬೌಲ್‌ಗೆ ಬಂದು ಅದೇ ಜಾರ್ಜಿಯಾದ ಎದುರು 41-10ರಿಂದ ನೆಲಕಚ್ಚಿತು. ಮತದಾರರ ಮನಸ್ಸಿನಲ್ಲಿ ಇವೆಲ್ಲ ಇರುತ್ತವೆ, ಇರಲೂಬೇಕು.


ಹೊಸಪ್ರೇಕ್ಷಕಿ ಬರೆದಿದ್ದಾರೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈ ದೇಶಕ್ಕೆ ಓದಲು ಬಂದವಳು, ಆಟದ ನಿಯಮಗಳು ಈಗೀಗ ಅರ್ಥವಾಗುತ್ತಿವೆ. ಮತದಾರರು ಯಾರು, ಅವರೇಕೆ ಬೇಕು? ನಮ್ಮ ರಣಜಿಯಲ್ಲಿ ಇರುವಂತೆ ಲೀಗ್, ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಆಡಿಸಿ ತೀರ್ಮಾನಿಸಿದ್ದರೆ ಈ ಜಗಳವೇ ಇರುತ್ತಿರಲಿಲ್ಲವಲ್ಲ?


ಲೆಕ್ಕಿಗ ಬರೆದಿದ್ದಾರೆ:

ಒಳ್ಳೆಯ ಪ್ರಶ್ನೆ. ಈ ಚರ್ಚೆಯ ಬುಡವೇ ಅಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೇಲ್ದರ್ಜೆಯಲ್ಲಿ ನೂರಕ್ಕೂ ಹೆಚ್ಚು ತಂಡಗಳಿದ್ದು, ಒಂದೊಂದು ತಂಡವೂ ವರ್ಷಕ್ಕೆ ಹನ್ನೆರಡು ಪಂದ್ಯವಷ್ಟೇ ಆಡುವುದರಿಂದ, ಎಲ್ಲರೂ ಎಲ್ಲರನ್ನೂ ಎದುರಿಸುವುದು ಸಾಧ್ಯವಿಲ್ಲ. 1998ರಿಂದ 2013ರ ಋತುವಿನವರೆಗೆ ಬಿ.ಸಿ.ಎಸ್. (ಬೌಲ್ ಚಾಂಪಿಯನ್‌ಶಿಪ್ ಸಿರೀಸ್) ಎಂಬ ಪದ್ಧತಿಯಿತ್ತು. ಅದರ ಕೊನೆಯ ವರ್ಷಗಳಲ್ಲಿ ಮೂರನೆಯ ಒಂದು ಪಾಲು ಕೋಚ್‌ಗಳ ಮತ, ಇನ್ನೊಂದು ಪಾಲು ಹ್ಯಾರಿಸ್ ಮತದಾನ (ಮಾಜಿ ಆಟಗಾರರು, ಮಾಜಿ ಕೋಚ್‌ಗಳು, ಪತ್ರಕರ್ತರು ಮುಂತಾದವರದು), ಉಳಿದ ಪಾಲು ಆರು ಕಂಪ್ಯೂಟರ್ ಲೆಕ್ಕಾಚಾರಗಳ ಸರಾಸರಿ. ಇವೆಲ್ಲ ಸೇರಿ ಮೊದಲಿಬ್ಬರನ್ನು ಆರಿಸುತ್ತಿದ್ದವು. ಪ್ರಶಸ್ತಿಯ ಪಂದ್ಯ ಆಡುತ್ತಿದ್ದವರು ಆ ಇಬ್ಬರು ಮಾತ್ರ. ಆರು ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಿಗೆ ದೊಡ್ಡ ಬೌಲ್‌ಗಳಲ್ಲಿ ಜಾಗ ಮೀಸಲು. ಉಳಿದ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗೆ ಜಾಗ ಸಿಗಬೇಕಾದರೆ ಮೊದಲ ಹನ್ನೆರಡರೊಳಗೆ ಬರಬೇಕು, ಇಲ್ಲವೇ ಮೊದಲ ಹದಿನಾರರೊಳಗಿದ್ದು ಆ ಆರರ ಯಾವುದಾದರೂ ಚಾಂಪಿಯನ್‌ಗಿಂತ ಮೇಲಿರಬೇಕು. ಒಬ್ಬರಿಗೆ ಹಾಸಿದ ಚಾಪೆ, ಇನ್ನೊಬ್ಬರಿಗೆ ಅರ್ಹತಾ ಪರೀಕ್ಷೆ.

ಕಂಪ್ಯೂಟರ್‌ಗಳು ಗೆಲುವಿನ ಅಂತರವನ್ನು ಪರಿಗಣಿಸದಂತೆ ಬಿ.ಸಿ.ಎಸ್. ನಿರ್ಬಂಧ ಹಾಕಿತ್ತು ಎಂಬುದನ್ನೂ ಗಮನಿಸಿ. ದುರ್ಬಲ ತಂಡವನ್ನು ಮೂರು ಅಂಕದಿಂದ ಸೋಲಿಸಿದರೂ ನಲವತ್ತು ಅಂಕದಿಂದ ಸೋಲಿಸಿದರೂ ಯಂತ್ರಕ್ಕೆ ಒಂದೇ. ದುರ್ಬಲರ ನಡುವೆ ಇರುವ ಬಲಿಷ್ಠ ತಂಡವು ತನ್ನ ಬಲವನ್ನು ತೋರಿಸಲು ಇರುವ ಮಾರ್ಗ ಅಂತರವೊಂದೇ, ಅದಕ್ಕೇ ಬೀಗ. ಮನುಷ್ಯ ಮತದಾರರಾದರೂ ನೋಡಬೇಕಿತ್ತು ಎನ್ನುವಿರಾ? ಬಾಯ್ಸಿ ಸ್ಟೇಟ್‌ನ ಕೆಲವು ಪಂದ್ಯಗಳು ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಆರಂಭವಾಗುತ್ತಿದ್ದವು. ಅವು ಮುಗಿಯುವ ಹೊತ್ತಿಗೆ ಅರ್ಧ ದೇಶ ಮಲಗಿರುತ್ತಿತ್ತು, ಮತದಾರರೂ ಸೇರಿದಂತೆ.

2009ರ ಋತುವಿನಲ್ಲಿ ಐದು ತಂಡಗಳು ಬೌಲ್ ಹಂಚಿಕೆಯ ಹೊತ್ತಿಗೆ ಅಜೇಯವಾಗಿದ್ದವು: ಅಲಬಾಮಾ, ಟೆಕ್ಸಸ್, ಸಿನ್ಸಿನಾಟಿ, ಟಿ.ಸಿ.ಯು. (ಟೆಕ್ಸಸ್ ಕ್ರಿಶ್ಚಿಯನ್) ಮತ್ತು ಬಾಯ್ಸಿ ಸ್ಟೇಟ್. ಮೊದಲೆರಡು ಪ್ರಶಸ್ತಿಗಾಗಿ ಆಡಿದವು. ಮೀಸಲು ಕಾನ್ಫರೆನ್ಸ್‌ನ ಸಿನ್ಸಿನಾಟಿಗೆ ಫ್ಲೋರಿಡಾದಂಥ ಎದುರಾಳಿ ಸಿಕ್ಕಿತು. ಮೀಸಲಾತಿ ಇಲ್ಲದ ಎರಡು ತಂಡಗಳನ್ನು ಮಾತ್ರ ಫಿಯೆಸ್ಟಾ ಬೌಲ್‌ನಲ್ಲಿ ಒಂದರ ಮೇಲೊಂದು ಬಿಟ್ಟರು. ಯಾರೇ ಗೆಲ್ಲಲಿ, ದೊಡ್ಡವರ ಮರ್ಯಾದೆಗೆ ಧಕ್ಕೆಯಿಲ್ಲದ ಏರ್ಪಾಡು ಅದು. ಬಾಯ್ಸಿ ಸ್ಟೇಟ್ 17-10ರಿಂದ ಗೆದ್ದಿತು.

2011ರದು ಇನ್ನೂ ಕೆಟ್ಟದ್ದು. ಬಾಯ್ಸಿ ಸ್ಟೇಟ್ ಋತುವಿನ ಮೊದಲ ಪಂದ್ಯದಲ್ಲೇ ಜಾರ್ಜಿಯಾವನ್ನು 35-21ರಿಂದ ಸೋಲಿಸಿತ್ತು, ಅದೂ ಅಟ್ಲಾಂಟಾದಲ್ಲಿ. ಆ ಜಾರ್ಜಿಯಾ ಮುಂದೆ ಎಸ್.ಇ.ಸಿ. ಪೂರ್ವ ವಿಭಾಗವನ್ನೇ ಗೆದ್ದಿತು. ಬಾಯ್ಸಿ ಸ್ಟೇಟ್ ಟಿ.ಸಿ.ಯು. ಎದುರು 36-35ರಿಂದ ಒಂದೇ ಒಂದು ಪಂದ್ಯ ಸೋತು ಅಂತಿಮ ಪಟ್ಟಿಯಲ್ಲಿ ಏಳನೆಯದಾಗಿತ್ತು. ಆ ವರ್ಷ ಎರಡೂ ಒಂದೇ ಕಾನ್ಫರೆನ್ಸ್‌ನಲ್ಲಿದ್ದು, ಅದರ ಪ್ರಶಸ್ತಿ ಟಿ.ಸಿ.ಯು. ಪಾಲಾದದ್ದರಿಂದ ಹಕ್ಕಿನ ಜಾಗವಿರಲಿಲ್ಲ, ಆರಿಸುವವರ ಮರ್ಜಿಯೇ ಗತಿ. ಶುಗರ್ ಬೌಲ್ ಆರಿಸಿದ್ದು ಹದಿಮೂರನೆಯ ಮಿಚಿಗನ್ ಮತ್ತು ಹನ್ನೊಂದನೆಯ ವರ್ಜೀನಿಯಾ ಟೆಕ್ ತಂಡಗಳನ್ನು. ಏಳನೆಯವರು ಲಾಸ್ ವೇಗಸ್‌ಗೆ ಹೋಗಿ ಅರಿಜೋನಾ ಸ್ಟೇಟ್ ಮೇಲೆ 56-24ರಿಂದ ಗೆದ್ದು ಮನೆಗೆ ಬಂದರು. (ಎಂಟನೆಯ ಕ್ಯಾನ್ಸಸ್ ಸ್ಟೇಟ್‌ಗೂ ಅಲ್ಲಿ ಜಾಗ ಸಿಗಲಿಲ್ಲ, ಅದು ಮೀಸಲು ಕಾನ್ಫರೆನ್ಸ್‌ನ ತಂಡ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಹೋಟೆಲ್ ಕೋಣೆ ತುಂಬಿಸುವ ಅಭಿಮಾನಿಗಳ ಸಂಖ್ಯೆಯೇ ಬೌಲ್ ಸಮಿತಿಗಳ ನಿಜವಾದ ಶ್ರೇಯಾಂಕ.)


ಅಟ್ಲಾಂಟಾದಿಂದ ಬರೆದಿದ್ದಾರೆ:

ಅಂಕಿಗಳು ಸರಿಯಾಗಿವೆ, ಆದರೆ ಒಂದನ್ನು ಬಿಟ್ಟಿದ್ದೀರಿ. 2010ರಲ್ಲಿ ಬಾಯ್ಸಿ ಸ್ಟೇಟ್ ಅನ್ನು ಋತು ಆರಂಭಕ್ಕೆ ಮೊದಲೇ ಮೂರನೆಯ ಸ್ಥಾನದಲ್ಲಿ ಕೂರಿಸಿದ್ದು ಇದೇ ಮತದಾರರಲ್ಲವೇ? ಗೌರವವಿಲ್ಲ ಎಂಬ ದೂರು ಆ ವರ್ಷಕ್ಕೆ ಅನ್ವಯಿಸುವುದಿಲ್ಲ. ಆ ತಂಡ ವರ್ಜೀನಿಯಾ ಟೆಕ್ ಅನ್ನು 33-30ರಿಂದ ಸೋಲಿಸಿದಾಗ ದೇಶವೇ ಚಪ್ಪಾಳೆ ತಟ್ಟಿತು. ಐದೇ ದಿನಗಳಲ್ಲಿ ಅದೇ ವರ್ಜೀನಿಯಾ ಟೆಕ್, ಕೆಳದರ್ಜೆಯ ಜೇಮ್ಸ್ ಮ್ಯಾಡಿಸನ್ ತಂಡದ ಎದುರು ತನ್ನ ಮನೆಯಲ್ಲೇ 21-16ರಿಂದ ಸೋತಿತು. ಆಗ ಆ ಗೆಲುವಿನ ಬೆಲೆ ಇಳಿದರೆ ಅದು ಯಾರ ಪಿತೂರಿ?

ನಂತರ ನವೆಂಬರ್‌ನಲ್ಲಿ ನೆವಾಡಾ ಎದುರು ಏನಾಯಿತೆಂಬುದನ್ನು ನೀಲಿಅಂಗಳ ಅವರೇ ಹೇಳಲಿ.


ನೀಲಿಅಂಗಳ ಬರೆದಿದ್ದಾರೆ:

ಹೇಳುತ್ತೇನೆ. 2010ರ ನವೆಂಬರ್ 26ರ ಶುಕ್ರವಾರ ರಾತ್ರಿ, ರೀನೊ ನಗರ. ಮೊದಲರ್ಧದ ಕೊನೆಗೆ ನಾವು 24-7ರಿಂದ ಮುಂದಿದ್ದೆವು. ಎದುರಿನ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್ನಿಕ್. ಎರಡನೆಯ ಅರ್ಧದಲ್ಲಿ ಅವರ ತಂಡ ನಮ್ಮ ರಕ್ಷಣೆಯನ್ನು ಓಟದಿಂದಲೇ ಸವೆಸಿಹಾಕಿ 31-31ಕ್ಕೆ ತಂದಿತು. ಗಡಿಯಾರ ಮುಗಿಯುವ ಮುನ್ನ ನಮ್ಮ ಕೆಲೆನ್ ಮೂರ್ ಎಸೆದ ಉದ್ದನೆಯ ಚೆಂಡನ್ನು ಟೈಟಸ್ ಯಂಗ್ ಒಂಬತ್ತು ಗಜದ ಗೆರೆಯ ಬಳಿ ಹಿಡಿದರು. 26 ಗಜದ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ ಮೂರು ಅಂಕ) ಒಂದು ಸಾಕಿತ್ತು. ಅಭ್ಯಾಸದಲ್ಲಿ ಕಣ್ಣುಮುಚ್ಚಿ ಹೊಡೆಯುವ ದೂರ ಅದು. ಚೆಂಡು ಬಲಗಂಬದಾಚೆ ಹೋಯಿತು. ಹೆಚ್ಚುವರಿ ಅವಧಿಯಲ್ಲಿ 29 ಗಜದ್ದೂ ತಪ್ಪಿತು. 34-31. ಆ ಹುಡುಗನ ಹೆಸರನ್ನು ನಾನು ಬರೆಯುವುದಿಲ್ಲ, ಅವನು ಆಮೇಲೆ ಅನುಭವಿಸಿದ್ದು ಸಾಕು.

ಆ ಎರಡು ಒದೆತಗಳ ನಂತರ ನಾವು ಬಿ.ಸಿ.ಎಸ್. ಪಟ್ಟಿಯಲ್ಲಿ ನಾಲ್ಕರಿಂದ ಹತ್ತರ ಆಚೀಚೆಗೆ ಜಾರಿ ಲಾಸ್ ವೇಗಸ್‌ಗೆ ಹೋದೆವು. ನೆವಾಡಾ ಆ ವರ್ಷ 13-1 ಆದ ತಂಡ, ಕೆಟ್ಟ ತಂಡವಲ್ಲ. ಅಟ್ಲಾಂಟಾದವರೇ, ನೀವು ಮೇಲೆ ಹೇಳಿದ ಎಲ್.ಎಸ್.ಯು. ಎರಡು ಸಲ ಎಡವಿ ಪ್ರಶಸ್ತಿ ಎತ್ತಿತು. ನಮಗೆ ಒಂದು ಎಡವಟ್ಟಿಗೂ ಮಾಫಿ ಇರಲಿಲ್ಲ. ಕೆಲೆನ್ ಮೂರ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ನಾಲ್ಕು ಋತುಗಳಲ್ಲಿ ತಂಡ ಗೆದ್ದದ್ದು 50, ಸೋತದ್ದು 3. ಆ ಮೂರು ಸೋಲುಗಳ ಅಂತರ ಕೂಡಿಸಿದರೆ ಬರುವುದು ಐದು ಅಂಕ: ಟಿ.ಸಿ.ಯು. ಎದುರು 17-16, ನೆವಾಡಾ ಎದುರು 34-31, ಮತ್ತೆ ಟಿ.ಸಿ.ಯು. ಎದುರು 36-35. ಇಂಥ ನಾಲ್ಕು ವರ್ಷಗಳಲ್ಲಿ ದೊಡ್ಡ ಬೌಲ್ ಸಿಕ್ಕಿದ್ದು ಒಮ್ಮೆ.

ಯಾರ ಮೇಲೆ ಆಡಿದಿರಿ ಎಂಬ ಪ್ರಶ್ನೆಗೆ ಬರುತ್ತೇನೆ. ಆಡಲು ಯಾರು ಒಪ್ಪಿದರು ಎಂಬುದು ಅದರ ಜೋಡಿ ಪ್ರಶ್ನೆ. ನಮ್ಮ ಕ್ರೀಡಾಂಗಣದಲ್ಲಿ ಕೂರುವವರು 36 ಸಾವಿರದಷ್ಟು. ಮಿಚಿಗನ್‌ನಲ್ಲಿ ಒಂದು ಲಕ್ಷ ದಾಟುತ್ತದೆ. ದೊಡ್ಡ ತಂಡಗಳು ಮನೆಯ ಪಂದ್ಯದ ಟಿಕೆಟ್ ಹಣ ಬಿಟ್ಟು, ಗೆದ್ದರೆ ಲಾಭವಿಲ್ಲದ, ಸೋತರೆ ಮಾನ ಹೋಗುವ ಊರಿಗೆ ಏಕೆ ಬಂದಾವು? ಅವು ಸಾಮಾನ್ಯವಾಗಿ ಹೇಳುವುದು, ನೀವೇ ನಮ್ಮಲ್ಲಿಗೆ ಬನ್ನಿ, ದುಡ್ಡು ಕೊಡುತ್ತೇವೆ, ನಾವು ಮಾತ್ರ ಬರುವುದಿಲ್ಲ ಎಂದು. ಆರೆಗನ್ ಬಂದಿತು, ಅದಕ್ಕೆ ನನ್ನ ನಮಸ್ಕಾರ: 2008ರಲ್ಲಿ ಅವರ ಊರಿನಲ್ಲಿ 37-32ರಿಂದ, 2009ರಲ್ಲಿ ನಮ್ಮೂರಿನಲ್ಲಿ 19-8ರಿಂದ ನಾವು ಗೆದ್ದೆವು, ಆಮೇಲೆ ಅದೇ ಆರೆಗನ್ 2009ರಲ್ಲಿ ಪಶ್ಚಿಮದ ದೊಡ್ಡ ಕಾನ್ಫರೆನ್ಸ್ ಪ್ಯಾಕ್-10ರ ಚಾಂಪಿಯನ್ ಆಯಿತು. ಆರೆಗನ್ ಸ್ಟೇಟ್ ಬಂದಿದೆ, ವಾಷಿಂಗ್ಟನ್ ಬಂದಿದೆ. 2021ರಲ್ಲಿ ಬಂದ ಓಕ್ಲಹೋಮ ಸ್ಟೇಟ್ 21-20ರಿಂದ ಗೆದ್ದೂ ಹೋಯಿತು. ನಿಮ್ಮ ಆಗ್ನೇಯದಿಂದ ಬಂದವರು ಯಾರೆಂದು ಹೇಳಿ.


ಸಾಲ್ಟ್‌ಲೇಕ್‌ನಿಂದ ಬರೆದಿದ್ದಾರೆ:

"ವಾರವಾರವೂ ದೊಡ್ಡವರ ಮೇಲೆ ಆಡಿದ್ದರೆ ಉಳಿಯುತ್ತಿದ್ದರೇ" ಎಂಬ ಪ್ರಶ್ನೆಗೆ ಇಬ್ಬರೂ ಊಹೆಯ ಮೇಲೆ ವಾದಿಸುತ್ತಿದ್ದೀರಿ. ಊಹೆ ಬೇಕಾಗಿಲ್ಲ, ಪ್ರಯೋಗವೇ ನಡೆದುಹೋಗಿದೆ. ಬಾಯ್ಸಿ ಸ್ಟೇಟ್ ಜೊತೆ ಅದೇ ಕಾಲದಲ್ಲಿ ಅದೇ ಬಾಗಿಲು ಬಡಿಯುತ್ತಿದ್ದ ಇನ್ನೆರಡು ತಂಡಗಳು ಯೂಟಾ ಮತ್ತು ಟಿ.ಸಿ.ಯು. ಯೂಟಾ 2008ರಲ್ಲಿ 13-0 ಆಗಿ, ಶುಗರ್ ಬೌಲ್‌ನಲ್ಲಿ ನಿಕ್ ಸೇಬನ್ ಅವರ ಅಲಬಾಮಾವನ್ನು 31-17ರಿಂದ ಸೋಲಿಸಿ, ಒಂದು ಪಂದ್ಯ ಸೋತಿದ್ದ ಫ್ಲೋರಿಡಾದ ಹಿಂದೆ ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. ಟಿ.ಸಿ.ಯು. 2010ರಲ್ಲಿ 13-0 ಆಗಿ ರೋಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್ ಅನ್ನು 21-19ರಿಂದ ಸೋಲಿಸಿ, ಅದೂ ಎರಡನೆಯದಾಯಿತು. ಆ ನವೆಂಬರ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಗಾರ್ಡನ್ ಗೀ, ತಮ್ಮ ಕಾನ್ಫರೆನ್ಸ್‌ನವರು ಬಡ ಸನ್ಯಾಸಿನಿಯರ ಮೇಲೆ ಆಡುವುದಿಲ್ಲ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ರೋಸ್ ಬೌಲ್‌ನಲ್ಲಿ ಸೋತ ವಿಸ್ಕಾನ್ಸಿನ್ ಅದೇ ಕಾನ್ಫರೆನ್ಸ್‌ನದು.

ಈ ಎರಡೂ ತಂಡಗಳನ್ನು ದೊಡ್ಡವರು ಸೇರಿಸಿಕೊಂಡರು. ಯೂಟಾ 2011ರಲ್ಲಿ ಪ್ಯಾಕ್-12ಕ್ಕೆ (ಹಿಂದಿನ ಪ್ಯಾಕ್-10), ಟಿ.ಸಿ.ಯು. 2012ರಲ್ಲಿ ಬಿಗ್ 12ಕ್ಕೆ ಹೋದವು. ಮೊದಮೊದಲು ಇಬ್ಬರಿಗೂ ಸರಿಯಾಗಿ ಬಿತ್ತು: ಯೂಟಾ 2012 ಮತ್ತು 2013ರಲ್ಲಿ 5-7, ಟಿ.ಸಿ.ಯು. 2013ರಲ್ಲಿ 4-8. ಅಟ್ಲಾಂಟಾದವರ ವಾದ ಇಲ್ಲಿಗೆ ನಿಲ್ಲುತ್ತದೆ, ಸರಿಯಾಗಿಯೂ ನಿಲ್ಲುತ್ತದೆ. ಆದರೆ ಕತೆ ನಿಲ್ಲುವುದಿಲ್ಲ. ದೊಡ್ಡ ಕಾನ್ಫರೆನ್ಸ್‌ನ ಟಿ.ವಿ. ಹಣ ಕೈಸೇರಿ, ಆ ಹೆಸರು ಕಂಡು ಒಳ್ಳೆಯ ಹುಡುಗರು ಬಂದು ಸೇರತೊಡಗಿದ ಮೇಲೆ ಟಿ.ಸಿ.ಯು. 2014ರಲ್ಲಿ 12-1 ಆಯಿತು, 2022ರಲ್ಲಿ ಸೆಮಿಫೈನಲ್‌ನಲ್ಲಿ ಮಿಚಿಗನ್ ಅನ್ನು ಕೆಡವಿ ಪ್ರಶಸ್ತಿಯ ಪಂದ್ಯಕ್ಕೇ ಹೋಯಿತು. (ಅಲ್ಲಿ ಜಾರ್ಜಿಯಾ 65-7ರಿಂದ ಮುಗಿಸಿಬಿಟ್ಟಿತು, ಅಟ್ಲಾಂಟಾದವರು ಜ್ಞಾಪಿಸುವ ಮೊದಲೇ ನಾನೇ ಬರೆದುಬಿಡುತ್ತೇನೆ.) ಯೂಟಾ 2021 ಮತ್ತು 2022ರಲ್ಲಿ ಸತತವಾಗಿ ಪ್ಯಾಕ್-12 ಗೆದ್ದಿತು.

ನನಗೆ ತೋರುವುದಿಷ್ಟು: ಈ ತಂಡಗಳು ಹಿಂದುಳಿದದ್ದು ಬಲವಿಲ್ಲದ್ದರಿಂದ ಅವಕಾಶ ಸಿಗದೆ ಅಲ್ಲ, ಅವಕಾಶ ಸಿಗದ್ದರಿಂದ ಆಳವಾದ ಬಲ ಬೆಳೆಯದೆ. ಬಾಯ್ಸಿಗೆ ಆ ಕರೆ ಬರಲಿಲ್ಲ. ಡಲ್ಲಾಸ್-ಫೋರ್ಟ್ ವರ್ತ್, ಸಾಲ್ಟ್ ಲೇಕ್‌ಗಳಂಥ ದೊಡ್ಡ ಟಿ.ವಿ. ಮಾರುಕಟ್ಟೆ ಅಲ್ಲಿಲ್ಲ. ಬಿಗ್ ಈಸ್ಟ್ ಸೇರಲು 2011ರ ಕೊನೆಗೆ ಒಪ್ಪಿಕೊಂಡರೂ, ಆ ಕಾನ್ಫರೆನ್ಸೇ ಕುಸಿಯತೊಡಗಿದಾಗ ಒಂದು ವರ್ಷದಲ್ಲಿ ಹಿಂದೆ ಸರಿಯಬೇಕಾಯಿತು.


ಹೊಸಪ್ರೇಕ್ಷಕಿ ಬರೆದಿದ್ದಾರೆ:

ಈಗಂತೂ ಹನ್ನೆರಡು ತಂಡಗಳ ಪ್ಲೇಆಫ್ ಬಂದಿದೆಯಲ್ಲ. ಈಗಲೂ ಈ ದೂರಿಗೆ ಜಾಗವಿದೆಯೇ?


ಲೆಕ್ಕಿಗ ಬರೆದಿದ್ದಾರೆ:

ಇದೆ, ಆದರೆ ದೂರಿನ ಸ್ವರೂಪ ಬದಲಾಗಿದೆ. 2024ರಲ್ಲಿ ಹನ್ನೆರಡು ತಂಡಗಳ ಪ್ಲೇಆಫ್ ಆರಂಭವಾದಾಗ, ಅತ್ಯುನ್ನತ ಶ್ರೇಯಾಂಕದ ನಾಲ್ಕು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೊದಲ ನಾಲ್ಕು ಸೀಡ್ ಮತ್ತು ಮೊದಲ ಸುತ್ತಿನಿಂದ ವಿನಾಯಿತಿ ಎಂಬ ನಿಯಮವಿತ್ತು. ಒಂಬತ್ತನೆಯ ಶ್ರೇಯಾಂಕದ ಬಾಯ್ಸಿ ಸ್ಟೇಟ್ ಆ ನಿಯಮದಿಂದ ಮೂರನೆಯ ಸೀಡ್ ಪಡೆಯಿತು. ಗದ್ದಲವೆದ್ದಿತು. ವಿನಾಯಿತಿ ಪಡೆದ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು: ಬಾಯ್ಸಿ ಸ್ಟೇಟ್ ಪೆನ್ ಸ್ಟೇಟ್ ಎದುರು 31-14ರಿಂದ, ಅರಿಜೋನಾ ಸ್ಟೇಟ್ ಟೆಕ್ಸಸ್ ಎದುರು ಎರಡು ಹೆಚ್ಚುವರಿ ಅವಧಿಗಳ ನಂತರ, ಜಾರ್ಜಿಯಾ ನೋಟ್ರ ಡೇಮ್ ಎದುರು 23-10ರಿಂದ, ಮೊದಲ ಸೀಡ್ ಆರೆಗನ್ ಒಹಾಯೊ ಸ್ಟೇಟ್ ಎದುರು 41-21ರಿಂದ. ಆರೆಗನ್ ಸೋಲು ಬಾಯ್ಸಿ ಸ್ಟೇಟ್ ಸೋಲಿಗಿಂತ ದೊಡ್ಡದು. ಆದರೂ "ಅರ್ಹತೆಯಿಲ್ಲದವರು ಬಂದರು" ಎಂಬ ಮಾತು ಬಂದದ್ದು ಬಾಯ್ಸಿಯ ಮೇಲೆ. ಮರುವರ್ಷವೇ ನಿಯಮ ಬದಲಿಸಿ ಸೀಡ್‌ಗಳನ್ನು ನೇರವಾಗಿ ಶ್ರೇಯಾಂಕದಂತೆ ಮಾಡಿದರು.

ಬದಲಾವಣೆ ತರ್ಕಬದ್ಧವೆಂದು ನಾನೂ ಒಪ್ಪುತ್ತೇನೆ. ಒಂಬತ್ತನೆಯವರಿಗೆ ಮೂರನೆಯವರ ಸವಲತ್ತು ಕೊಡುವುದು ವಿಚಿತ್ರವೇ. ನನ್ನ ತಕರಾರು ಒಂಬತ್ತು ಎಂಬ ಅಂಕಿಯ ಮೇಲಿದೆ. ಆ ವರ್ಷ ಪ್ಲೇಆಫ್‌ವರೆಗೆ ಬಾಯ್ಸಿ ಸ್ಟೇಟ್ ಸೋತದ್ದು ಒಂದೇ ಪಂದ್ಯ, ಅದೇ ಅಜೇಯ ಆರೆಗನ್ ಎದುರು, ಅವರ ಮೈದಾನದಲ್ಲಿ, 37-34ರಿಂದ, ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ. ಆ ಪಂದ್ಯದಲ್ಲಿ ಆರೆಗನ್, ಬಾಯ್ಸಿಯವರು ಒದ್ದ ಚೆಂಡನ್ನು (ಒಂದು ಪಂಟ್, ಒಂದು ಕಿಕ್‌ಆಫ್) ಹಿಡಿದು ಓಡಿಯೇ ಎರಡು ಟಚ್‌ಡೌನ್ ಗಳಿಸಿತ್ತು. ಬಾಯ್ಸಿಯ ಆಶ್ಟನ್ ಜೆಂಟಿ ಚೆಂಡು ಹಿಡಿದು 192 ಗಜ ಓಡಿದ್ದರು.


ಅಟ್ಲಾಂಟಾದಿಂದ ಬರೆದಿದ್ದಾರೆ:

ಜೆಂಟಿ ವಿಷಯ ಬಂದದ್ದು ಒಳ್ಳೆಯದಾಯಿತು. ಋತುವಿಡೀ 2,601 ಗಜ ಓಡಿ, ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ 2,628ರ ದಾಖಲೆಗೆ 27 ಗಜ ಕಡಿಮೆ ಬಿದ್ದರು. ಸ್ಯಾಂಡರ್ಸ್‌ಗೆ ಬೇಕಾಗಿದ್ದು 11 ಪಂದ್ಯ, ಜೆಂಟಿ ಆಡಿದ್ದು 14. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯ ಸ್ಥಾನ ಸಿಕ್ಕಿತು. ಅದು ಅಗೌರವವೇ? ಪೆನ್ ಸ್ಟೇಟ್ ಎದುರು ಅದೇ ಜೆಂಟಿಗೆ 30 ಓಟಗಳಲ್ಲಿ ದಕ್ಕಿದ್ದು 104 ಗಜ. ಎದುರಿನ ಗೋಡೆಯ ದಪ್ಪ ಬದಲಾದಾಗ ಅಂಕಿಗಳು ಬದಲಾಗುತ್ತವೆ ಎಂಬುದೇ ನಾನು ಮೊದಲಿನಿಂದ ಹೇಳುತ್ತಿರುವುದು. 2025ರ ಋತುವನ್ನು ಸೌತ್ ಫ್ಲೋರಿಡಾ ಎದುರು 34-7ರ ಸೋಲಿನಿಂದ ಆರಂಭಿಸಿ, ನೋಟ್ರ ಡೇಮ್ ಎದುರು 28-7ರಿಂದ ಸೋತ ತಂಡಕ್ಕೆ ಯಾವ ಶ್ರೇಯಾಂಕ ಕೊಡಬೇಕಿತ್ತು?


ನೀಲಿಅಂಗಳ ಬರೆದಿದ್ದಾರೆ:

2025ಕ್ಕೆ ಏನೂ ಕೊಡಬೇಕಾಗಿರಲಿಲ್ಲ, ಕೊಡಲೂ ಇಲ್ಲ. ಸೋತಾಗ ಕೆಳಗಿಳಿಸುವುದು ನ್ಯಾಯ. ನನ್ನ ಪ್ರಶ್ನೆ ಗೆದ್ದಾಗ ಎಷ್ಟು ಮೇಲೇರಿಸಿದಿರಿ ಎಂಬುದು.

ಇಲ್ಲಿ ಬೆಳೆದ ಆಟಗಾರರನ್ನೂ ಸ್ವಲ್ಪ ನೋಡಿ. ಲೇಟನ್ ವ್ಯಾಂಡರ್ ಎಶ್ ಎಂಬ ಹುಡುಗ ರಿಗಿನ್ಸ್ ಎಂಬ ಊರಿನವನು. ಅಲ್ಲಿನ ಪ್ರೌಢಶಾಲೆಗೆ ಹನ್ನೊಂದು ಜನರ ತಂಡ ಕಟ್ಟುವಷ್ಟು ಮಕ್ಕಳಿಲ್ಲದ ಕಾರಣ ಎಂಟು ಜನರ ಫುಟ್‌ಬಾಲ್ ಆಡುತ್ತಾರೆ. ವಿದ್ಯಾರ್ಥಿವೇತನವಿಲ್ಲದೆ ಬಾಯ್ಸಿ ಸ್ಟೇಟ್ ಸೇರಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಹತ್ತೊಂಬತ್ತನೆಯವನಾಗಿ ಡಲ್ಲಾಸ್ ಕೌಬಾಯ್ಸ್ ಸೇರಿದ. 2025ರ ಡ್ರಾಫ್ಟ್‌ನಲ್ಲಿ ಜೆಂಟಿ ಆರನೆಯವರಾಗಿ ಆಯ್ಕೆಯಾದರು. ಯಾರೂ ಡ್ರಾಫ್ಟ್‌ನಲ್ಲಿ ಆರಿಸದ ಕೆಲೆನ್ ಮೂರ್ ಈಗ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಮುಖ್ಯ ಕೋಚ್. ಈಗಿನ ಕಾಲದಲ್ಲಿ ಆಟಗಾರರು ವರ್ಷ ಕಳೆದೊಡನೆ ತಂಡ ಬದಲಿಸಬಹುದು, ಹಣವನ್ನೂ ಪಡೆಯಬಹುದು. ಜೆಂಟಿ ಬೇರೆಡೆಯ ದೊಡ್ಡ ಮೊತ್ತಗಳನ್ನು ಬಿಟ್ಟು 2024ಕ್ಕೆ ಇಲ್ಲೇ ಉಳಿದರು. ಎಲ್ಲರೂ ಹಾಗೆ ಉಳಿಯುವುದಿಲ್ಲ, ಉಳಿಯಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಅವಕಾಶ ಕಡಿಮೆಯಿರುವ ಕಡೆಯಿಂದ ಹುಡುಗರು ಹೋಗುತ್ತಾರೆ, ಹೋದ ಮೇಲೆ ತಂಡ ದುರ್ಬಲವಾಗುತ್ತದೆ, ದುರ್ಬಲವಾದದ್ದನ್ನು ತೋರಿಸಿ ಅವಕಾಶ ನಿರಾಕರಿಸುತ್ತಾರೆ. ಸಾಲ್ಟ್‌ಲೇಕ್‌ನವರು ಹೇಳಿದ್ದರ ಇನ್ನೊಂದು ಮುಖ ಇದು.


ಸಾಲ್ಟ್‌ಲೇಕ್‌ನಿಂದ ಬರೆದಿದ್ದಾರೆ:

2026ರ ಋತುವಿನಿಂದ ಬಾಯ್ಸಿ ಸ್ಟೇಟ್, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಮಾತ್ರ ಉಳಿದಿದ್ದ ಪ್ಯಾಕ್-12ಕ್ಕೆ ಸೇರುತ್ತದೆ. ಜೊತೆಗೆ ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್. ಹದಿನೈದು ವರ್ಷಗಳ ಹಿಂದೆ ಇದೇ ಹೆಸರಿನ ಕಾನ್ಫರೆನ್ಸ್ ಕರೆದಿದ್ದರೆ ಅದೊಂದು ಹಬ್ಬವಾಗುತ್ತಿತ್ತು. ಈಗ ಫಲಕ ಹಳೆಯದು, ಒಳಗಿನವರು ಹೊಸಬರು. 2025ರ ಪ್ಲೇಆಫ್‌ಗೆ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಎಂಬ ಎರಡು ಸಣ್ಣ ಕಾನ್ಫರೆನ್ಸ್ ತಂಡಗಳು ಬಂದವು (ಅಟ್ಲಾಂಟಾದವರು ಕೆಳದರ್ಜೆ ಎಂದ ಅದೇ ಮ್ಯಾಡಿಸನ್), ಎರಡೂ ಮೊದಲ ಸುತ್ತಿನಲ್ಲಿ ಸೋತವು, ತಕ್ಷಣ ಹಳೆಯ ರಾಗ ಶುರುವಾಯಿತು. ಹಾಗಾಗಿ ಬಾಯ್ಸಿ ಸ್ಟೇಟ್‌ನ ಮುಂದಿನ ಲೆಕ್ಕ ಹೆಸರಿನ ಮೇಲೆ ನಿಂತಿಲ್ಲ. ಕಾನ್ಫರೆನ್ಸ್ ಹೊರಗಿನ ಪಂದ್ಯಗಳಿಗೆ ದೊಡ್ಡವರು ಸಹಿ ಹಾಕುತ್ತಾರೆಯೇ, ಅವರ ತಂಡ ನೀಲಿ ಮೈದಾನಕ್ಕೆ ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ.


ಅಟ್ಲಾಂಟಾದಿಂದ ಬರೆದಿದ್ದಾರೆ:

2011ರ ಶುಗರ್ ಬೌಲ್ ಬಗ್ಗೆ ನಿಮ್ಮೆಲ್ಲರ ವಾದವನ್ನು ಒಪ್ಪುತ್ತೇನೆ. ನಮ್ಮೂರಿನಲ್ಲೇ ಜಾರ್ಜಿಯಾವನ್ನು ಸೋಲಿಸಿದ ಏಳನೆಯ ತಂಡವನ್ನು ಬಿಟ್ಟು ಹದಿಮೂರನೆಯದನ್ನು ಕರೆದದ್ದಕ್ಕೆ ಆಟದ ಭಾಷೆಯಲ್ಲಿ ಸಮರ್ಥನೆಯಿಲ್ಲ. 2006ಕ್ಕೆ ಐದನೆಯ ಸ್ಥಾನವೂ ಕಡಿಮೆಯಾಯಿತು, ಮೂರು ಕೊಟ್ಟಿದ್ದರೆ ನಾನು ಆಕ್ಷೇಪಿಸುತ್ತಿರಲಿಲ್ಲ. 2009ರಲ್ಲಿ ಮಾತ್ರ ಒಪ್ಪುವುದಿಲ್ಲ. ಅಲಬಾಮಾ, ಟೆಕ್ಸಸ್, ಫ್ಲೋರಿಡಾಗಳ ಹಿಂದೆ ನಾಲ್ಕನೆಯ ಸ್ಥಾನ ಆ ತಂಡಕ್ಕೆ ಸರಿಯಾದದ್ದೇ; ಟಿಮ್ ಟೀಬೋ ಇದ್ದ ಫ್ಲೋರಿಡಾ ಅಜೇಯ ಸಿನ್ಸಿನಾಟಿಯನ್ನು 51-24ರಿಂದ ಸೋಲಿಸಿದ್ದನ್ನು ನೋಡಿದವರಿಗೆ, ಆ ಜಾಗದಲ್ಲಿ ಬಾಯ್ಸಿ ಸ್ಟೇಟ್ ಇದ್ದರೂ ಗೆಲ್ಲುತ್ತಿತ್ತು ಎಂದು ಹೇಳಲು ಕಷ್ಟ.


ನೀಲಿಅಂಗಳ ಬರೆದಿದ್ದಾರೆ:

ಗೆಲ್ಲುತ್ತಿತ್ತು ಎಂದು ನಾನೂ ಹೇಳುವುದಿಲ್ಲ. ಆ ಪಂದ್ಯ ಆಡಿಸಬೇಕಿತ್ತು ಎನ್ನುತ್ತೇನೆ. ಆರೆಗನ್ ಅನ್ನು ಸೋಲಿಸಿ ಬಂದ ತಂಡವನ್ನು ಫ್ಲೋರಿಡಾ ಎದುರು ನಿಲ್ಲಿಸಿ, ಸಿನ್ಸಿನಾಟಿಯನ್ನು ಟಿ.ಸಿ.ಯು. ಎದುರು ಬಿಟ್ಟಿದ್ದರೆ ಯಾವ ಟಿ.ವಿ. ಸಂಸ್ಥೆಗೆ ನಷ್ಟವಾಗುತ್ತಿತ್ತು?